ಮೊದಲ ನೀರು

ಲಷ್ಕರ್ ಮೊಹಲ್ಲಾದ ಆ ಓಣಿಗೆ ಹೊಸದಾಗಿ ಬಾಡಿಗೆಗೆ ಬಂದವರು ಮೊದಲ ಸೋಮವಾರವೇ ಲೂರ್ದಮ್ಮನನ್ನು ನೋಡಿ, ಈಯಮ್ಮನ ತಲೆ ನೆಟ್ಟಗಿಲ್ಲ ಎಂದು ತೀರ್ಮಾನಿಸಿಬಿಡುತ್ತಿದ್ದರು. ಅವರದೇನೂ ತಪ್ಪಿಲ್ಲ. ಮೋರಿ ಕಾಲ ಬುಡದಲ್ಲೇ ಇದೆ. ಇವಳು ನೋಡಿದರೆ ಬಟ್ಟೆ ಅದ್ದಿದ ನೀರನ್ನು ಪಿಂಗಾಣಿ ಬೇಸಿನ್ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡು, ತುಂಬಿದ ಹಾಲಿನ ಪಾತ್ರೆ ಹಿಡಿದವಳ ಹಾಗೆ ಹೆಜ್ಜೆ ನೋಡಿ ನೋಡಿ ಇಟ್ಟು, ಮೋರಿ ದಾಟಿ, ಅಂಗಳದ ಮೂಲೆಯ ಸೀಬೆಮರದ ಬುಡಕ್ಕೆ ಹೋಗಿ ಸುರಿಯುತ್ತಾಳೆ. ಸುರಿದು ಶಿಲುಬೆಯ ಗುರುತು ಹಾಕಿಕೊಳ್ಳುತ್ತಾಳೆ. ಐವತ್ತೆಂಟು ವರ್ಷದ ಹೆಂಗಸು, ಮಂಡಿನೋವು ಬೇರೆ.

ಅದು ಚರ್ಚಿನ ಬಟ್ಟೆಯ ನೀರು. ಬಲಿಪೂಜೆಯಲ್ಲಿ ಗುರುಗಳು ದ್ರಾಕ್ಷಾರಸ ಕುಡಿದ ಮೇಲೆ ಪಾನಪಾತ್ರೆಯ ಬಾಯನ್ನು ಒಂದು ಬಿಳಿ ಬಟ್ಟೆಯಿಂದ ಒರೆಸುತ್ತಾರೆ. ಕರ್ಚೀಫಿಗಿಂತ ತುಸು ದೊಡ್ಡದು, ನಡುವೆ ಕೆಂಪು ದಾರದ ಪುಟ್ಟ ಶಿಲುಬೆ. ನಂಬಿದವರಿಗೆ ಅದು ಬರೀ ದ್ರಾಕ್ಷಾರಸವಲ್ಲ, ಯೇಸುವಿನ ರಕ್ತ. ಅದರ ಒಂದು ಹನಿಯಾದರೂ ಬಟ್ಟೆಯಲ್ಲಿ ಉಳಿದಿರಬಹುದು. ಹಾಗಾಗಿ ಮೊದಲ ಸಲ ಅದ್ದಿ ತೆಗೆದ ನೀರನ್ನು ಮೋರಿಗೆ ಚೆಲ್ಲುವಂತಿಲ್ಲ, ಮಣ್ಣಿಗೇ ಕೊಡಬೇಕು. ಸೋಪು ಹಾಕಿ ಒಗೆದ ಎರಡನೆಯ ನೀರು ಎಲ್ಲಿಗೆ ಬೇಕಾದರೂ ಹೋಗಲಿ. ಎದುರು ಮನೆಯ ದಾಕ್ಷಾಯಣಮ್ಮನಿಗೆ ಇದನ್ನೆಲ್ಲ ಬಿಡಿಸಿ ಹೇಳುವ ಅಗತ್ಯವೇ ಬಿದ್ದಿರಲಿಲ್ಲ. "ನಮ್ಮಲ್ಲೂ ಅಂಗೇ ಕಣಮ್ಮ. ಲಿಂಗಪೂಜೆ ನೀರ್ನ ತುಳ್ಯೋ ಜಾಗಕ್ಕೆ ಹಾಕಲ್ಲ," ಎಂದು ಮೊದಲ ದಿನವೇ ಅಂದಿದ್ದಳು. ಅರ್ಥ ಮಾಡಿಕೊಳ್ಳಲು ಕಷ್ಟಪಟ್ಟವರು ಚರ್ಚಿನ ಒಳಗೇ ಹೆಚ್ಚು.

ಈ ಕಟ್ಟಳೆಯನ್ನು ಲೂರ್ದಮ್ಮನಿಗೆ ಕಲಿಸಿದವಳು ಅತ್ತೆ ಆರೋಗ್ಯಮ್ಮ. ಕಲಿಸಿದಳು ಎಂದರೆ ಹಲ್ಲು ಕಚ್ಚಿಕೊಂಡು ಕಲಿಸಿದಳು. ಮೂವತ್ತೊಂಬತ್ತು ವರ್ಷದ ಹಿಂದೆ ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದ ಹುಡುಗಿಗೆ ಆ ಬೇಸಿನ್ ಮುಟ್ಟುವ ಹಕ್ಕೇ ಇರಲಿಲ್ಲ. ಹತ್ತು ವರ್ಷ ದೂರ ನಿಂತು ನೋಡಿದ್ದು. ಆಮೇಲೆ ಬಟ್ಟೆಗೆ ಹಾಕುವ ಗಂಜಿ ಕಾಯಿಸಿ ಕೊಡುವ ಕೆಲಸ. ಆಮೇಲೆ ಇಸ್ತ್ರಿ. ಮನೆಯ ಒಂದು ದಾರವೂ ಆ ಬೇಸಿನ್ನಿಗೆ ಬೀಳಬಾರದು, ಒಣಹಾಕುವ ಹಗ್ಗವೂ ಬೇರೆ, ಉದ್ದಕ್ಕೆ ಮೂರು ಮಡಿಕೆ, ಅಡ್ಡಕ್ಕೆ ಒಂದು. ಮಡಿಕೆ ಒಂದೆಳೆ ಓರೆಯಾದರೂ ಮುದುಕಿ ಕೊಡವಿ ಬಿಚ್ಚಿ ಎಸೆಯುವಳು. "ಪಾತ್ರೆ ಬಾಯಿ ಒರೆಸೋ ಬಟ್ಟೆ ಕಣೇ ಇದು, ನಿನ್ ಮೂತಿ ಒರೆಸೋದಲ್ಲ," ಎನ್ನುವಳು. ಕೊನೆಗೆ ಮಂಡಿ ಕೈಕೊಟ್ಟ ಮೇಲೆ, ಸೊಸೆಗೆ ಒಂದು ಕಿವಿಯೋಲೆಯನ್ನೂ ಬಿಚ್ಚಿ ಕೊಡದ ಆರೋಗ್ಯಮ್ಮ ಆ ಬೇಸಿನ್ ಕೊಟ್ಟಳು. ಕೊಟ್ಟು ಕಿಟಕಿಯಲ್ಲಿ ಕೂತು ಕಾವಲು ಕಾದಳು.

ಲೂರ್ದಮ್ಮನಿಗೆ ಬದುಕಿನಲ್ಲಿ ಹೆಸರು ಅಂತ ಬಂದದ್ದು ಇದೊಂದರಿಂದಲೇ. ಗಂಡ ಇನ್ನಾಸಪ್ಪ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿದು ಸವೆದು, ಎಂಟು ವರ್ಷದ ಹಿಂದೆ ತೀರಿಕೊಂಡ. ಮಗಳು ಸ್ಟೆಲ್ಲಾ ಹುಣಸೂರಿನಲ್ಲಿ ತನ್ನ ಸಂಸಾರ, ತನ್ನ ಟೈಲರಿಂಗು ಅಂತ ಮುಳುಗಿದ್ದಾಳೆ. ಲೂರ್ದಮ್ಮ ನರ್ಸಿಂಗ್ ಹೋಮ್ ಒಂದರಲ್ಲಿ ಆಯಾ ಆಗಿದ್ದವಳು. ಅಲ್ಲಿ ಅವಳನ್ನು ಹೆಸರು ಹಿಡಿದು ಕರೆದವರು ಕಡಿಮೆ. ಆದರೆ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಹಬ್ಬದ ದಿನ ವಂದನಾರ್ಪಣೆ ಮಾಡುವಾಗ ಹೂವಿನವರು, ಮೈಕಿನವರು, ಶಾಮಿಯಾನದವರು ಎಲ್ಲ ಮುಗಿದ ಮೇಲೆ ಅವಳ ಹೆಸರು ಬರುತ್ತಿತ್ತು. ಒಂದು ವರ್ಷ ಬಿಟ್ಟುಹೋಗಿತ್ತು. ಆ ವರ್ಷ ಅವಳು ಊಟಕ್ಕೆ ನಿಲ್ಲದೆ ಮನೆಗೆ ಬಂದಿದ್ದಳು. ಭಾನುವಾರ ಗುರುಗಳು ಪೀಠದಲ್ಲಿ ಆ ಬಟ್ಟೆಯನ್ನು ಬಿಡಿಸುವ ಗಳಿಗೆಯಲ್ಲಿ, ಮೂರನೆಯ ಬೆಂಚಿನಲ್ಲಿ ಕೂತ ಲೂರ್ದಮ್ಮನಿಗೆ ತನ್ನ ಬೆರಳುಗಳೇ ಪೀಠದ ಮೇಲೆ ಇದ್ದಂತೆ ಅನ್ನಿಸುತ್ತಿತ್ತು. ಅದು ಜಂಬ ಎಂದು ಅವಳಿಗೆ ಗೊತ್ತಿತ್ತು. ಗುರುಗಳ ಕಿವಿಗೆ ಹೇಳುವ ಪಾಪನಿವೇದನೆಯಲ್ಲೂ ಅದನ್ನು ಹೇಳುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಆರೋಗ್ಯಮ್ಮನಿಗೆ ಲಕ್ವ ಹೊಡೆಯಿತು. ಎಂಬತ್ತಾರು ವರ್ಷ. ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ಹೋಯಿತು ಅನ್ನುವುದಕ್ಕೂ ಇಲ್ಲ. ನೀರು ಬೇಕಾದರೆ, ನೋವಾದರೆ, ಹಾಸಿಗೆ ಒದ್ದೆಯಾದರೆ ಬರುತ್ತಿದ್ದುದು "ಆ, ಆ" ಎಂಬ ಒಂದೇ ಸದ್ದು. ಆದರೆ ಸಂಜೆ ಲೂರ್ದಮ್ಮ ಜಪಸರ ಹಿಡಿದು ಕೂತರೆ, ಮುದುಕಿಯ ಬಾಯಿಂದ ಮಾತೆಯ ಪ್ರಾರ್ಥನೆ ಪೂರ್ತಿ, ಒಂದಕ್ಷರ ತಪ್ಪದೆ, ಸರಾಗವಾಗಿ ಉರುಳಿ ಬರುತ್ತಿತ್ತು. ಲಕ್ವ ಹೊಡೆದವರಲ್ಲಿ ಹಾಗಾಗುವುದುಂಟು, ಬಾಯಿಪಾಠವಾದದ್ದು ಬೇರೆ ಕಡೆ ಉಳಿದಿರುತ್ತದೆ ಎಂದು ಡಾಕ್ಟರು ಹೇಳಿದ್ದರು. ಲೂರ್ದಮ್ಮನಿಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. "ದೇವ್ರಿಗಾದ್ರೆ ಅಷ್ಟುದ್ದ ಮಾತು. ನಂಗೆ 'ನೀರು' ಅನ್ನೋಕಾಗಲ್ಲ," ಎಂದು ದಾಕ್ಷಾಯಣಮ್ಮನ ಹತ್ತಿರ ಗೊಣಗುತ್ತಿದ್ದಳು.

ಆಯಾ ಕೆಲಸ ಬಿಟ್ಟಳು. ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಒರೆಸುವುದು, ಹಳೇ ಪಂಚೆ ಹರಿದು ಮಾಡಿದ ಬಟ್ಟೆಗಳನ್ನು ಒಗೆಯುವುದು, ರಾಗಿ ಗಂಜಿಯನ್ನು ಚಮಚದಲ್ಲಿ ಕುಡಿಸುವುದು, ಅರ್ಧ ಗಲ್ಲದ ಮೇಲೆ ಹರಿದದ್ದನ್ನು ಮತ್ತೆ ಒರೆಸುವುದು. ನಿದ್ದೆ ಎಂಬುದು ಚೂರು ಚೂರಾಯಿತು. ಚರ್ಚಿಗೆ ಹೊಸದಾಗಿ ಬಂದ ಫಾದರ್ ದಯಾನಂದರು ಆ ವರ್ಷವೆಲ್ಲ ಪ್ರೀತಿಯ ಬಗ್ಗೆ ಪ್ರಸಂಗ ಮಾಡಲು ಹಠ ಹಿಡಿದಿದ್ದರು. ವಿಶ್ವಾಸ ಅಂದರೆ ಪ್ರೀತಿಯೇ, ಮಿಕ್ಕಿದ್ದೆಲ್ಲ ಅದರ ಸುತ್ತ ಅಂತ. ಚೆನ್ನಾಗಿಯೇ ಹೇಳುತ್ತಿದ್ದರು. ಆದರೆ ಆ ಪದ ಕಿವಿಗೆ ಬಿದ್ದೊಡನೆ ಲೂರ್ದಮ್ಮನಿಗೆ ಆಕಳಿಕೆ ಬರುತ್ತಿತ್ತು. ಅದೊಂದು ಇನ್ನೊಂದು ಕೆಲಸದ ಹಾಗೆ ಕೇಳಿಸುತ್ತಿತ್ತು, ಅದನ್ನೂ ಅವಳೇ ಮಾಡಬೇಕು. ಮನೆಯೊಳಗೆ ಹುಡುಕಿದರೆ ಅತ್ತೆಯ ಮೇಲೆ ಪ್ರೀತಿ ಎಂಬುದು ಯಾವ ಮೂಲೆಯಲ್ಲೂ ಸಿಗುತ್ತಿರಲಿಲ್ಲ. ಸಿಗುತ್ತಿದ್ದುದು ಸುಸ್ತು. ಸೋಮವಾರದ ಆ ಬೇಸಿನ್ ಮುಂದೆ ಕೂತಾಗ ಮಾತ್ರ ಅವಳಿಗೆ, ತಾನಿನ್ನೂ ಕ್ರೈಸ್ತಳು ಅನ್ನಿಸುತ್ತಿತ್ತು.

ಆಷಾಢದ ಒಂದು ಗುರುವಾರ. ಜಿಟಿ ಜಿಟಿ ಸೋನೆ, ಒಗೆದದ್ದು ಯಾವುದೂ ಒಣಗದ ಕಾಲ. ಚರ್ಚಿನ ಹನ್ನೆರಡು ಬಟ್ಟೆಗಳನ್ನು ಒಳಗಿನ ಹಗ್ಗದಲ್ಲಿ ಮೂರು ದಿನ ಆರಿಸಿ, ಇಸ್ತ್ರಿ ಹೊಡೆದು, ಮಡಿಸುವ ಮೊದಲು ಆರೋಗ್ಯಮ್ಮನ ಮಂಚದ ಕಾಲ್ದೆಸೆಯಲ್ಲಿ ಒಂದರ ಮೇಲೊಂದು ಹಾಸಿದ್ದಳು. ಮನೆಯಲ್ಲಿ ಬೇರೆ ಒಣ ಜಾಗ ಇರಲಿಲ್ಲ. ಪಕ್ಕದಲ್ಲೇ ಅತ್ತೆಯ ಬಾಯಿ ಒರೆಸುವ ಪಂಚೆ ಚೂರುಗಳು. ಅವೂ ಬಿಳಿ, ಇವೂ ಬಿಳಿ.

ಮುದುಕಿಗೆ ಬಾಯಿಹುಣ್ಣಾಗಿತ್ತು. ಡಾಕ್ಟರು ಬರೆದ ನೇರಳೆ ಬಣ್ಣದ ಔಷಧಿಯನ್ನು ಹತ್ತಿಯಲ್ಲಿ ನಾಲಿಗೆಗೆ ಬಳಿದು, ಸ್ವಲ್ಪ ಹೊತ್ತು ಬಿಟ್ಟು ಗಂಜಿ ಕುಡಿಸುತ್ತಿದ್ದಳು. ನಾಲ್ಕನೆಯ ಚಮಚಕ್ಕೆ ನೆತ್ತಿಗೆ ಹತ್ತಿತು. ಕಣ್ಣುಗುಡ್ಡೆಗಳು ಮೇಲೆ ಸಿಕ್ಕಿಕೊಂಡವು. ಲೂರ್ದಮ್ಮ ಎಡಗೈಯಲ್ಲಿ ಅತ್ತೆಯ ಕತ್ತು ಎತ್ತಿ ಹಿಡಿದು, ಬಲಗೈಯನ್ನು ಹಿಂದಕ್ಕೆ ಚಾಚಿ, ಸಿಕ್ಕಿದ ಬಟ್ಟೆಯನ್ನು ಬಾಚಿಕೊಂಡು ಬಾಯೊಳಗೆ ಬೆರಳು ಹಾಕಿ ಒರೆಸಿದಳು. ಕೆನ್ನೆ ಒರೆಸಿದಳು, ಕತ್ತು ಒರೆಸಿದಳು. ಬಟ್ಟೆ ಎಂದಿಗಿಂತ ನುಣುಪಾಗಿದೆಯಲ್ಲ ಅನ್ನಿಸಿತು. ಉಸಿರು ಸರಿಹೋದ ಮೇಲೆ ನೋಡಿದರೆ ನೇರಳೆ ಗಂಜಿಯ ನಡುವೆ ಕೆಂಪು ಶಿಲುಬೆ.

ಆರೋಗ್ಯಮ್ಮನೂ ನೋಡಿದಳು. ಬಲಗಣ್ಣು ಅರ್ಧ ಮುಚ್ಚಿದ್ದರೂ ಎಡಗಣ್ಣು ಆ ಬಟ್ಟೆಯ ಮೇಲೆ ನೆಟ್ಟು ಕೂತಿತು. ಆಮೇಲೆ ಬಾಯಿ ಮುಚ್ಚಿಕೊಂಡಳು. ಮಧ್ಯಾಹ್ನ ತೆರೆಯಲಿಲ್ಲ, ಸಂಜೆಯೂ ತೆರೆಯಲಿಲ್ಲ. ಚಮಚ ತುಟಿಗೆ ತಾಗಿ ತಾಗಿ ಗಂಜಿ ಆರಿಹೋಯಿತು.

"ನಿಮ್ಮ ಬಾಯಿ ಒರೆಸೋಕೋಗೇ ಅಂಗಾಗಿದ್ದು ಅತ್ತೆ!" ಎಂದು ಲೂರ್ದಮ್ಮ ಕೂಗಿದಳು. "ನಾನೇನ್ ಬೇಕೂ ಅಂತ ಮಾಡಿದ್ನಾ? ನೆತ್ತಿಗತ್ತಿ ಸತ್ತೋಗ್ಲಿ ಅಂತ ಬುಡಬೇಕಿತ್ತಾ?"

ಕೂಗಿದ್ದಕ್ಕೆ ಎದುರು ಮನೆಯ ದಾಕ್ಷಾಯಣಮ್ಮ ಬಾಗಿಲಿಗೆ ಬಂದು ನೋಡಿ ಹೋದಳು. ಲೂರ್ದಮ್ಮ ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅತ್ತದ್ದು ಬಟ್ಟೆಗೋ, ಕೂಗಿದ್ದಕ್ಕೋ, ಅವಳಿಗೇ ಸರಿಯಾಗಿ ತಿಳಿಯಲಿಲ್ಲ.

ಕಲೆ ಹೋಗಲಿಲ್ಲ. ನಿಂಬೆಹಣ್ಣು, ಉಪ್ಪು, ಬಿಸಿನೀರು, ಕೊನೆಗೆ ಅತ್ತೆ ಜನ್ಮದಲ್ಲಿ ಒಪ್ಪದ ಬ್ಲೀಚಿಂಗ್ ಪೌಡರು. ಕಡುನೇರಳೆ ಹೋಗಿ ಬದನೆ ಹೂವಿನ ಬಣ್ಣಕ್ಕೆ ನಿಂತಿತು. ಒಂದು ಕಡಿಮೆಯಿದೆ, ಗಾಳಿಗೆ ಹಾರಿಹೋಯಿತು ಎಂದುಬಿಡಲೇ? ಅವಳು ಈ ಮನೆಗೆ ಬಂದ ಮೇಲೆ, ನಲವತ್ತು ವರ್ಷದ ಹತ್ತಿರ ಹತ್ತಿರ, ಒಂದೂ ಕಳೆದಿರಲಿಲ್ಲ. ಹೊಸದೊಂದು ಹೊಲಿದು ಇಡಲೇ? ಶನಿವಾರ ಸಂಜೆಯೊಳಗೆ ಕಸೂತಿ ಹಾಕಲು ಕಣ್ಣೂ ಇಲ್ಲ, ಸಮಯವೂ ಇಲ್ಲ. ಹೇಳಿಬಿಟ್ಟರೆ, ವಾರ ವಾರ ಬಟ್ಟೆ ತಂದು ಒಪ್ಪಿಸುವ ಚೀಲವನ್ನೇ ಕಿತ್ತುಕೊಂಡು ಬಿಡುತ್ತಾರೆ ಎಂಬ ಭಯ. ಕೊನೆಗೆ ಕಲೆ ಒಳಗೆ ಬರುವ ಹಾಗೆ ಮಡಿಸಿ, ಉಳಿದ ಹನ್ನೊಂದರ ನಡುವೆ ಸೇರಿಸಿ, ಚೀಲವನ್ನು ಚರ್ಚಿಗೆ ಒಪ್ಪಿಸಿ ಬಂದಳು. ಯಾವುದಾದರೂ ವಾರದ ದಿನ, ನಾಲ್ಕು ಜನ ಇರುವ ಪೂಜೆಯಲ್ಲಿ ಅದು ಬರಲಿ ಎಂದು ಬೇಡಿಕೊಂಡಳು. ದೇವರ ಹತ್ತಿರ ಇಂಥದ್ದನ್ನು ಬೇಡಿಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ಬಂದದ್ದು ಭಾನುವಾರವೇ. ಅತ್ತೆಯ ಪಕ್ಕ ದಾಕ್ಷಾಯಣಮ್ಮನನ್ನು ಕೂರಿಸಿ ಬಂದ ಲೂರ್ದಮ್ಮ ಮೂರನೆಯ ಬೆಂಚಿನಿಂದ ನೋಡುತ್ತಿದ್ದಂತೆ, ಫಾದರ್ ದಯಾನಂದರು ಬಟ್ಟೆ ಬಿಡಿಸಿದರು. ಒಂದು ಉಸಿರಿನಷ್ಟು ಹೊತ್ತು ಕೈ ನಿಂತಿತು. ಆಮೇಲೆ ಅದನ್ನು ಮಡಿಸಿ ಬದಿಗಿಟ್ಟು, ಇನ್ನೊಂದರಲ್ಲಿ ಪಾತ್ರೆಯ ಬಾಯಿ ಒರೆಸಿದರು. ಮೊದಲ ಬೆಂಚಿನಲ್ಲಿದ್ದ ಮಾತೆಯರ ಸಂಘದ ಅಧ್ಯಕ್ಷೆ ಸೆಲೀನಾ ಟೀಚರ್ ಕನ್ನಡಕ ಸರಿಮಾಡಿಕೊಂಡರು. ಅಲ್ಲಿಗೆ ಮುಗಿಯಿತು ಎಂದು ಲೂರ್ದಮ್ಮನಿಗೆ ಗೊತ್ತಾಯಿತು.

ಪೂಜೆ ಮುಗಿದ ಮೇಲೆ ಪೀಠದ ಹಿಂದಿನ ಕೋಣೆಯಲ್ಲಿ ಮೂವರೇ. ಸೆಲೀನಾ ಟೀಚರ್ ಕುವೆಂಪುನಗರದಿಂದ ಸ್ಕೂಟರಿನಲ್ಲಿ ಬರುವವರು, ರಿಟೈರಾದರೂ ಹಾಜರಿ ಕರೆಯುವ ದನಿ ಹೋಗಿರಲಿಲ್ಲ.

"ಲೂರ್ದಮ್ಮಾ, ಏನ್ರೀ ಇದು? ಶಾಯಿನಾ?"

"ಔಷ್ದಿ ಟೀಚರ್. ಅತ್ತೆ ನೆತ್ತಿಗತ್ತಿತ್ತು. ಕೈಗೆ ಸಿಕ್ಕಿದ್ದು ತಗೊಂಡು ಬಾಯಿ ಒರೆಸ್ಬುಟ್ಟೆ."

"ಬಲಿಪೀಠದ ಬಟ್ಟೇಲಿ! ಒರೆಸಿದ್ದೂ ಅಲ್ದೆ, ಮಡಿಸಿ ವಾಪಸ್ ಇಟ್ಬುಟ್ರಾ? ಆರೋಗ್ಯಮ್ಮ ಅವರಿದ್ದಾಗ ಒಂದಿನ ಹಿಂಗಾಗಿದ್ದಿಲ್ಲ ಕಣ್ರೀ."

ಆರೋಗ್ಯಮ್ಮ ಇನ್ನೂ ಇದ್ದಾರೆ ಟೀಚರ್, ಅದಕ್ಕೇ ಹೀಗಾದದ್ದು, ಎಂಬ ಮಾತು ಲೂರ್ದಮ್ಮನ ನಾಲಿಗೆ ತುದಿಗೆ ಬಂದು ನಿಂತಿತು.

ಗುರುಗಳು ಟೀಚರನ್ನು ಸಮಾಧಾನ ಮಾಡಿ ಕಳಿಸಿದರು. ಮೂವತ್ತೈದರ ಆಸುಪಾಸಿನ ಮನುಷ್ಯ. ಬೆಳಗಿನಿಂದ ಮೂರು ಪೂಜೆ ಮುಗಿಸಿ, ಕಾಫಿಯನ್ನೂ ಕುಡಿದಿರಲಿಲ್ಲ. "ಅಮ್ಮಾ, ನಿಮ್ಮ ಮೇಲೆ ಇಷ್ಟು ಭಾರ ಇರೋದು ನನಗೆ ಹೊಳೀಲೇ ಇಲ್ಲ. ಬಟ್ಟೆ ಕೆಲಸ ಕಾನ್ವೆಂಟಿನ ಸಿಸ್ಟರುಗಳು ನೋಡ್ಕೋತಾರೆ. ಅವರ ಹತ್ರ ಮಷೀನ್ ಇದೆ. ನೀವು ಸ್ವಲ್ಪ ವಿಶ್ರಾಂತಿ ತಗೊಳ್ಳಿ," ಎಂದರು.

ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ಇದು ಕನಿಕರ. ಕನಿಕರದ ಮುಂದೆ ಏನು ವಾದ ಮಾಡುವುದು? ಇದೊಂದನ್ನು ಬಿಟ್ಟು ಬೇರೆ ಏನನ್ನಾದರೂ ಕಿತ್ತುಕೊಳ್ಳಿ ಎಂದು ಹೇಳಬೇಕೆಂದಿದ್ದಳು. ಬಾಯಿಗೆ ಬಂದದ್ದು ಬೇರೆ.

"ಪ್ರೀತಿ ಇಲ್ಲ ಸಾಮಿ ನಂಗೆ. ನೀವು ವಾರ ವಾರ ಹೇಳ್ತೀರ. ನಾನು ಎಲ್ಲಾ ಮಾಡ್ತೀನಿ, ಒಳಗೆ ಏನೂ ಇಲ್ಲ. ಮೊನ್ನೆ ಕೂಗಾಡ್ಬುಟ್ಟೆ. ಒಂದೊಂದ್ಸಲ ಬೇಗ ಹೋಗ್ಬುಡ್ಲಿ ಅನ್ಸುತ್ತೆ."

"ಪ್ರೀತಿ ಇಲ್ದೆ ಎರಡು ವರ್ಷ ಯಾರೂ ಬಾಯಿ ಒರೆಸಲ್ಲಮ್ಮಾ."

"ಒರೆಸ್ತಾರೆ ಸಾಮಿ. ಬೇರೆ ಯಾರೂ ಇಲ್ದೇ ಇದ್ರೆ ಒರೆಸ್ತಾರೆ."

ಫಾದರ್ ದಯಾನಂದರು ಮತ್ತೆ ಪ್ರಸಂಗಕ್ಕೆ ಇಳಿಯಲಿಲ್ಲ, ಅಷ್ಟು ಒಳ್ಳೆಯತನ ಅವರಲ್ಲಿತ್ತು. ಕಲೆಯಾದ ಬಟ್ಟೆಯನ್ನು ಕಾಗದದಲ್ಲಿ ಸುತ್ತಿ ಅವಳ ಕೈಗೆ ಕೊಟ್ಟರು. ಪೀಠಕ್ಕೆ ಬಾರದ ಬಟ್ಟೆಯನ್ನು ಸುಟ್ಟು ಬೂದಿಯನ್ನು ಮಣ್ಣಿಗೆ ಸೇರಿಸುವುದು ಪದ್ಧತಿ. "ಇಷ್ಟು ವರ್ಷ ನೀವೇ ನೋಡ್ಕೊಂಡಿದ್ದೀರಿ. ಇದನ್ನೂ ನೀವೇ ಮಾಡಿ," ಎಂದರು. ಭಾನುವಾರಗಳಲ್ಲಿ ಚೀಲ ಹಿಡಿದು ಮರಳುತ್ತಿದ್ದವಳು ಅಂದು ಆ ಕಾಗದದ ಪೊಟ್ಟಣ ಹಿಡಿದು ಮರಳಿದಳು.

ಸೋಮವಾರ ಹತ್ತು ಗಂಟೆ. ಸೋಮವಾರ ಎಂಬುದು ಆರೋಗ್ಯಮ್ಮನಿಗೆ ಹೇಗೋ ಗೊತ್ತಾಗುತ್ತಿತ್ತು. ಅವಳ ಮಂಚ ಅಂಗಳದ ಕಿಟಕಿಗೆ ತಾಗಿತ್ತು, ಮಂಚ ಅಲ್ಲಿರಲಿ ಎಂದು ಹಿಂದೆ ಹಠ ಹಿಡಿದವಳು ಅವಳೇ. ಮುಖ ಆ ಕಡೆಗೆ ತಿರುಗಿಸಿ ಕಾಯುತ್ತಿದ್ದಳು. ಬೇಸಿನ್ ಸದ್ದು ಬರಲಿಲ್ಲ. ಲೂರ್ದಮ್ಮ ಅದರ ಕಡೆ ನೋಡದೆ ಗಂಜಿ ತಂದು ಕೂತಳು.

"ಚೀಲ ಇಲ್ಲ ಅತ್ತೆ. ಕಿತ್ಕೊಂಡ್ರು. ನಿಮ್ಮ ನಲವತ್ತು ವರ್ಷ, ನಂದು ಇಪ್ಪತ್ತು, ಎಲ್ಲಾ ಮುಗೀತು. ಬಾಯ್ ತೆಗೀರಿ."

ಮುದುಕಿ ಬಾಯಿ ತೆರೆದಳು. ಗುರುವಾರದಿಂದ ಹನಿ ಹನಿ ನುಂಗುತ್ತಿದ್ದವಳು ಅಂದು ಅರ್ಧ ಬಟ್ಟಲು ಕುಡಿದಳು. ಎಂದಿನಂತೆ ಅದರಲ್ಲಿ ಕಾಲುಭಾಗ ಗಲ್ಲಕ್ಕೆ ಇಳಿಯಿತು. ಲೂರ್ದಮ್ಮ ಒರೆಸಲು ಕೈ ಚಾಚಿದರೆ ಪಂಚೆ ಚೂರುಗಳೆಲ್ಲ ಹಗ್ಗದಲ್ಲಿ ಹಸಿಹಸಿ. ಮನೆಯಲ್ಲಿ ಒಣಗಿದ್ದ ಬಟ್ಟೆ ಒಂದೇ, ಸ್ಟೂಲಿನ ಮೇಲಿನ ಕಾಗದದ ಪೊಟ್ಟಣದಲ್ಲಿದ್ದದ್ದು. ಬಿಚ್ಚಿದಳು. ಬದನೆ ಹೂವಿನ ಬಣ್ಣದ ಕಲೆ, ಅದರ ನಡುವೆ ಶಿಲುಬೆ. ಗುರುವಾರ ನೋಡದೆ ಮಾಡಿದ್ದನ್ನು ಈಗ ನೋಡಿಕೊಂಡೇ ಮಾಡಿದಳು. ತುಟಿ ಒರೆಸಿದಳು, ಗಲ್ಲ ಒರೆಸಿದಳು, ಕತ್ತಿನ ಸುಕ್ಕುಗಳೊಳಗೆ ಇಳಿದದ್ದನ್ನು ಒತ್ತಿ ತೆಗೆದಳು. ಅತ್ತೆಯ ಎಡಗಣ್ಣು ಬಟ್ಟೆಯನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಿತ್ತು.

ಮನೆಯ ಬಕೆಟ್ಟಿನಲ್ಲಿ ಹಾಸಿಗೆ ಬಟ್ಟೆ ನೆನೆದಿತ್ತು. ಶಿಲುಬೆಯ ಬಟ್ಟೆಯನ್ನು ಅದಕ್ಕೆ ಹಾಕಲು ಲೂರ್ದಮ್ಮನಿಗೆ ಮನಸ್ಸಾಗಲಿಲ್ಲ. ಆಮೇಲೆ, ಇನ್ನು ಯಾರಿಗೆ ಅಂತ ಇದನ್ನು ಕಾಯುವುದು ಎಂಬ ಸಿಟ್ಟಿನಲ್ಲಿ, ಮನೆಯ ಬಟ್ಟೆ ಎಂದೂ ಮುಟ್ಟದ ಪಿಂಗಾಣಿ ಬೇಸಿನ್ನನ್ನು ಅಂಗಳಕ್ಕೆ ಎಳೆದು ತಂದಳು. ನೀರು ಹಾಕಿ, ಬಟ್ಟೆ ಅದ್ದಿ, ಹಿಂಡಿ ಪಕ್ಕಕ್ಕಿಟ್ಟಳು. ನೀರಿನಲ್ಲಿ ರಾಗಿ ಗಂಜಿಯ ಕಣಗಳು, ತಿಳಿಯಾದ ನೇರಳೆ. ಬೇಸಿನ್ ಎತ್ತಿದಾಗ ಮಂಡಿ ಚುಳ್ ಎಂದಿತು. ಮರದ ತನಕ ಹೋಗುವುದೇನಿದೆ, ಇದು ಚರ್ಚಿನದಲ್ಲ. ಕಾಲ ಬುಡದ ಮೋರಿಯ ಮೇಲೆ ಬೇಸಿನ್ ಬಗ್ಗಿಸಿದಳು.

"ಆ! ಆ! ಆ!"

ಕಿಟಕಿಯ ಸರಳಿನ ಮೇಲೆ ಟಣ್ ಟಣ್ ಎಂದು ಸದ್ದು. ಆರೋಗ್ಯಮ್ಮ ಎಡಗೈಯ ಬಳೆಯಿಂದ ಸರಳು ಬಡಿಯುತ್ತಿದ್ದಳು. ಮುಖ ಕೆಂಪೇರಿತ್ತು. ಮಡಿಕೆ ಓರೆಯಾದಾಗ ಬಿಚ್ಚಿ ಎಸೆಯುತ್ತಿದ್ದ ಹೆಂಗಸಿನದೇ ಮುಖ. ಬಡಿದ ಕೈಯನ್ನು ಸರಳಿನಾಚೆ ಚಾಚಿ, ಬೆರಳಿನಿಂದ ಅವಳು ಸೀಬೆಮರವನ್ನು ತೋರಿಸಿದಳು.

"ಅತ್ತೆ, ಇದು ಪೂಜೇದಲ್ಲ!" ಲೂರ್ದಮ್ಮ ಕೂಗಿ ಹೇಳಿದಳು. "ನಿಮ್ಮ ಬಾಯಿ ಒರೆಸಿದ ನೀರು ಕಣತ್ತೆ. ನಿಮ್ಮ ಎಂಜಲು!"

ಕೈ ಇಳಿಯಲಿಲ್ಲ. ಬೆರಳು ಮರವನ್ನೇ ತೋರಿಸುತ್ತಿತ್ತು. ಮುದುಕಿಗೆ ಬುದ್ಧಿ ಮಂಜಾಗಿ, ಸೋಮವಾರದ ನೀರೇ ಇದು ಅಂದುಕೊಂಡಳೋ, ಅಥವಾ ಎಲ್ಲವನ್ನೂ ಕೇಳಿ, ತಿಳಿದೇ ಹೇಳುತ್ತಿದ್ದಳೋ, ಕೇಳಿ ತಿಳಿದುಕೊಳ್ಳುವ ದಾರಿ ಇರಲಿಲ್ಲ. ಲೂರ್ದಮ್ಮನಿಗೆ ತೋಳು ಸೋಲುತ್ತಿತ್ತು. ಮೋರಿಯ ಮೇಲೆ ಬಗ್ಗಿಸಿದ್ದನ್ನು ನೆಟ್ಟಗೆ ಹಿಡಿದಳು. ಒಂದು ಹನಿಯೂ ಚೆಲ್ಲದ ಹಾಗೆ, ಹೆಜ್ಜೆ ನೋಡಿ ನೋಡಿ ಇಟ್ಟು, ಮೋರಿ ದಾಟಿ ಹೋಗಿ ಮರದ ಬುಡಕ್ಕೆ ಸುರಿದಳು. ಮಣ್ಣು ಅದನ್ನು ಎಂದಿನ ಹಾಗೇ ಕುಡಿಯಿತು. ಅಷ್ಟಾದ ಮೇಲೆ ಕಿಟಕಿಯ ಕೈ ಒಳಗೆ ಹೋಯಿತು.

ಲೂರ್ದಮ್ಮ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಳು. ಅತ್ತೆಯ ಮೇಲೆ ಪ್ರೀತಿ ಬಂತೇ ಎಂದು ಒಳಗೆ ನೋಡಿಕೊಂಡಳು. ಸುಸ್ತು ಇದ್ದ ಹಾಗೇ ಇತ್ತು. ಆದರೂ ಕಣ್ಣಲ್ಲಿ ನೀರು ಬಂತು, ತಡೆಯಲಿಲ್ಲ. ಎದ್ದು, ಹಿಂಡಿಟ್ಟ ಬಟ್ಟೆಯನ್ನು ಪಂಚೆ ಚೂರುಗಳ ಪಕ್ಕ ಹಗ್ಗಕ್ಕೆ ಹಾಕಿ, ಬೇಸಿನ್ ತೊಳೆದಳು. ಅದನ್ನು ಎಂದಿನ ಗೂಡಿಗೆ ಎತ್ತಿಡಲಿಲ್ಲ, ಒಳಗೆ ತಂದು ಅತ್ತೆಯ ಮಂಚದ ಕೆಳಗೆ, ಬಾಯಿ ಒರೆಸುವಾಗ ತನ್ನ ಕೈಗೆ ಸಿಗುವ ಹಾಗೆ ಇಟ್ಟಳು.